‘ಎದಿ ಭಾರ ಆಗೇತಿ’ ಅಂದ್ರ ಯಾರಿಗೆ ತಿಳಿಬೇಕು?

ಗಡಿ ಹಳ್ಳಿಗಳ ನೀರು, ಮಾತು ಮತ್ತು ಮನಸ್ಸಿನ ಲೆಕ್ಕ

ಜತ್ತ: 2019ರ ಆಗಸ್ಟ್ ತಿಂಗಳು. ಕೃಷ್ಣೆ ಉಕ್ಕಿ ಸಾಂಗಲಿ ಪೇಟೆಯ ರಸ್ತೆಗಳಲ್ಲಿ ಬೋಟುಗಳು ಓಡಾಡುತ್ತಿದ್ದವು. ಅದೇ ಹೊತ್ತಿಗೆ ಅದೇ ಜಿಲ್ಲೆಯ ಪೂರ್ವ ತುದಿಯಲ್ಲಿರುವ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಖಾಲಿ ಕೊಡಗಳು ಸಾಲು ಹಚ್ಚಿ ಟ್ಯಾಂಕರಿನ ದಾರಿ ಕಾಯುತ್ತಿದ್ದವು. ಒಂದೇ ಜಿಲ್ಲೆ, ಒಂದೇ ಕಲೆಕ್ಟರ್ ಕಚೇರಿ, ಒಂದೇ ಮಳೆಗಾಲ. ಒಂದು ಕಡೆ ನೀರಿನ ಅಂಜಿಕೆ, ಇನ್ನೊಂದು ಕಡೆ ನೀರಿಲ್ಲದ ಅಂಜಿಕೆ!

ಮನುಷ್ಯ ಎಲ್ಲಿ ಇರ್ತಾನ ಅನ್ನೋದು ಅವನ ಹೊಟ್ಟೆಯ ಪ್ರಶ್ನೆ ಮಾತ್ರ ಅಲ್ಲ, ಮನಸ್ಸಿನ ಪ್ರಶ್ನೆಯೂ ಹೌದು. ರಾತ್ರಿ ನಿದ್ದೆ ಹತ್ತುವುದೂ ಊರಿನಿಂದಲೇ, ಹತ್ತದೇ ಹೊರಳಾಡುವುದೂ ಊರಿನಿಂದಲೇ. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹೊರತಂದ ವರದಿಯೂ ಇದನ್ನೇ ಹೇಳುತ್ತದೆ. ಮನಸ್ಸಿನ ಆರೋಗ್ಯ ತಲೆಯೊಳಗಿನ ಸಂಗತಿಯಷ್ಟೇ ಅಲ್ಲ, ಮನುಷ್ಯ ಹುಟ್ಟಿ ಬೆಳೆದು ದುಡಿಯುವ ಜಾಗದ ಸ್ಥಿತಿಗತಿ ಅದನ್ನು ರೂಪಿಸುತ್ತದೆ ಎಂಬುದು ಅದರ ಸಾರ. ಈ ಮಾತು ಜತ್ತದ ಕನ್ನಡ ಹಳ್ಳಿಗಳಿಗೆ ಹೇಗೆ ಹೊಂದುತ್ತದೆ ಎಂದು ನೋಡಿದರೆ ಎರಡು ಸಂಗತಿ ಎದ್ದು ಕಾಣುತ್ತವೆ. ಒಂದು ನೀರು, ಇನ್ನೊಂದು ಮಾತು.

ಮನೆ ಸರಿಯಲಿಲ್ಲ, ಗಡಿ ಸರಿಯಿತು

ಉಮದಿ, ಸಂಖ, ಮಾಡಗ್ಯಾಳ, ತಿಕ್ಕುಂಡಿ, ಗುಡ್ಡಾಪುರ... ಈ ಭಾಗದ ಮಂದಿ ಬೇರೆ ಕಡೆಯಿಂದ ವಲಸೆ ಬಂದವರಲ್ಲ. ಅಜ್ಜ ಮುತ್ತಜ್ಜನ ಕಾಲದಿಂದ ಇದೇ ಮಣ್ಣಿನವರು. ಡಫಳೆ ಮನೆತನದ ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ರಾಜ್ಯಗಳ ಪುನರ್‌ವಿಂಗಡಣೆ ಆದಾಗ ವಿಜಯಪುರ (ಆಗಿನ ಬಿಜಾಪುರ) ಮೈಸೂರು ರಾಜ್ಯಕ್ಕೆ ಹೋಯಿತು, ಜತ್ತ ಮುಂಬಯಿಯಲ್ಲೇ ಉಳಿಯಿತು. 1960ರಲ್ಲಿ ಮಹಾರಾಷ್ಟ್ರವಾಯಿತು. 1967ರ ಮಹಾಜನ ಆಯೋಗದ ವರದಿ ಜತ್ತದ ಕನ್ನಡ ಹಳ್ಳಿಗಳನ್ನು ಕರ್ನಾಟಕಕ್ಕೆ ಕೊಡಲು ಹೇಳಿತಾದರೂ ಅದು ಜಾರಿಗೆ ಬರಲಿಲ್ಲ. ಮಂದಿ ಕುಂತಲ್ಲೇ ಕುಂತರು, ಗಡಿ ಮಾತ್ರ ಬಂದು ಮಗ್ಗುಲಲ್ಲಿ ನಿಂತಿತು.

ಅಲ್ಲಿಂದ ಶುರುವಾದದ್ದು ಈ ಎರಡು ದಾರಿಯ ಬದುಕು. ಕಚೇರಿ ಕೆಲಸಕ್ಕೆ ಪಶ್ಚಿಮಕ್ಕೆ ಸಾಂಗಲಿ. ಬೀಗತನಕ್ಕೆ, ದವಾಖಾನೆಗೆ, ಸಂತೆಗೆ ಪೂರ್ವಕ್ಕೆ ವಿಜಯಪುರ. ಮನೆಯಲ್ಲಿ ಕನ್ನಡ, ತಲಾಠಿ ಮುಂದೆ ಮರಾಠಿ. ಹೊಲದ ಹೆಸರು ಕನ್ನಡದ್ದು, ಸಾತಬಾರಾ ಉತಾರದ ಅಕ್ಷರ ಮರಾಠಿಯದು.

ಬರದ ಊರಾಗ ನಿದ್ದಿ ಎಲ್ಲೀದು?

ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಜತ್ತಕ್ಕೆ ಬರ ಹೊಸದಲ್ಲ. 1972ರ ಬರವನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. 2012-13ರ ಬರದಲ್ಲಿ ದನಗಳನ್ನು ಮೇವಿನ ಛಾವಣಿಗಳಿಗೆ ಹೊಡೆದುಕೊಂಡು ಹೋಗಿ ತಿಂಗಳುಗಟ್ಟಲೆ ಅಲ್ಲೇ ಇರಬೇಕಾಯಿತು.

ಬರ ಅಂದರೆ ಬೆಳೆ ಹೋಗುವುದಷ್ಟೇ ಎಂದು ಪಂಚನಾಮೆ ಬರೆಯುವವರು ತಿಳಿಯುತ್ತಾರೆ. ಆದರೆ ಬರ ಮೊದಲು ಕಸಿಯುವುದು ದಿನದ ಲಯವನ್ನು. ಟ್ಯಾಂಕರ್ ಯಾವಾಗ ಬರುತ್ತದೆ ಗೊತ್ತಿಲ್ಲ, ಹೀಗಾಗಿ ಹೆಣ್ಣುಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಊಟವಿಲ್ಲ, ನಿದ್ದೆಯಿಲ್ಲ. ಬೋರು ಕೊರೆಸಿ ನೀರು ಬೀಳದಿದ್ದರೆ ಸಾಲ ಮಾತ್ರ ಉಳಿಯುತ್ತದೆ. ದಾಳಿಂಬೆ ಗಿಡಕ್ಕೆ ಮಕ್ಕಳಂತೆ ನೀರುಣಿಸಿ ಬೆಳೆಸಿದವನ ಕಣ್ಣೆದುರೇ ಕಾಯಿಗೆ ‘ತೇಲ್ಯಾ’ ರೋಗ ಬಿದ್ದು ಕಪ್ಪಾಗುತ್ತದೆ. ಏನು ಮಾಡಿದರೂ ತನ್ನ ಕೈಯಲ್ಲಿ ಏನೂ ಇಲ್ಲ ಎಂಬ ಭಾವನೆ ವರ್ಷ ವರ್ಷ ಗಟ್ಟಿಯಾಗುತ್ತ ಹೋದರೆ ಮನಸ್ಸು ಸೋಲುತ್ತದೆ.

ದಸರಾ ದಾಟಿದ ಮೇಲೆ ಕಬ್ಬು ಕಡಿಯುವ ಟೋಳಿಗಳು ಊರು ಬಿಡುತ್ತವೆ. ಮುಕಾದಮನಿಂದ ‘ಉಚಲ್’ ಪಡೆದ ಗಂಡ ಹೆಂಡತಿ ಫ್ಯಾಕ್ಟರಿ ಕಡೆ ಹೊರಟರೆ ಮನೆಯಲ್ಲಿ ಉಳಿಯುವವರು ಮುದುಕರು, ಮಕ್ಕಳು. ಗಾಡಿ ಹತ್ತಿದವರಿಗೆ ಊರ ಚಿಂತೆ, ಊರಲ್ಲಿ ಉಳಿದವರಿಗೆ ಹೋದವರ ಚಿಂತೆ.

ಆಸ್ಟ್ರೇಲಿಯಾದ ತತ್ವಜ್ಞಾನಿ ಗ್ಲೆನ್ ಆಲ್ಬ್ರೆಕ್ಟ್ ಇಂಥ ನೋವಿಗೆ ‘ಸೊಲಾಸ್ಟಾಲ್ಜಿಯಾ’ ಎಂಬ ಹೆಸರಿಟ್ಟಿದ್ದಾರೆ. ಅಲ್ಲಿನ ಹಂಟರ್ ಕಣಿವೆಯಲ್ಲಿ ಕಲ್ಲಿದ್ದಲು ಗಣಿಗಳಿಂದ ಊರ ರೂಪವೇ ಕೆಟ್ಟುಹೋದಾಗ ಜನ ಪಡುತ್ತಿದ್ದ ಸಂಕಟ ನೋಡಿ ಕಟ್ಟಿದ ಪದ ಅದು. ಊರು ಬಿಟ್ಟು ಹೋದವನಿಗೆ ಊರಿನ ನೆನಪು ಕಾಡುವುದು ಸಹಜ. ಆದರೆ ಊರಲ್ಲೇ ಇದ್ದು, ಇದು ನಮ್ಮ ಊರು ಅನ್ನುವ ಹಾಂಗ ಉಳಿದಿಲ್ಲ ಎಂದು ಕೊರಗುವುದು ಬೇರೆ ಥರದ ನೋವು. ಬತ್ತಿದ ಬಾವಿಯ ದಂಡೆಯ ಮೇಲೆ ಕುಂತವರಿಗೆ ಈ ಪದದ ಅರ್ಥ ಬಿಡಿಸಿ ಹೇಳಬೇಕಿಲ್ಲ.

ನೀರಿನ ಹಿಂದೆ ಮನಸ್ಸು

2012ರಲ್ಲಿ ತಾಲೂಕಿನ ಹಲವು ಹಳ್ಳಿಗಳು ಕರ್ನಾಟಕ ಸೇರುವ ಠರಾವು ಮಾಡಿದ್ದು ನೀರಿನ ಸಿಟ್ಟಿನಿಂದಲೇ. 2022ರ ನವೆಂಬರ್‌ನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಆ ಠರಾವಿನ ಮಾತು ಎತ್ತಿದರು. ಅದು 2012ರ ಹಳೆಯ ಮಾತು ಎಂದು ಮಹಾರಾಷ್ಟ್ರದ ಆಗಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸ ಉತ್ತರಿಸಿದರು. ಟಿವಿಯವರು, ಪುಢಾರಿಗಳು ಸಾಲುಗಟ್ಟಿ ಜತ್ತಕ್ಕೆ ಬಂದರು. ಇತ್ತ ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ಹರಿಯಿತು. ಅತ್ತ ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರೆತ್ತುವ ಯೋಜನೆಯನ್ನು ಪೂರ್ವ ಭಾಗದ ವಂಚಿತ ಹಳ್ಳಿಗಳಿಗೆ ವಿಸ್ತರಿಸುವ ಕೆಲಸಕ್ಕೆ ಮಹಾರಾಷ್ಟ್ರ ಸರಕಾರ ವೇಗ ಕೊಟ್ಟಿತು.

ಎರಡೂ ಸರಕಾರಗಳ ಜಗಳದಲ್ಲಿ ಗಮನಕ್ಕೆ ಬಾರದ ಮಾತೊಂದಿದೆ. ಕೆರೆಗೆ ನೀರು ಬಂದ ದಿನ ಹಳ್ಳಿಯ ಮಂದಿ ಪೂಜೆ ಮಾಡುತ್ತಾರೆ, ದಂಡೆಗೆ ಹೋಗಿ ಸುಮ್ಮನೆ ನಿಂತು ನೋಡುತ್ತಾರೆ. ಬೆಳೆ ಬರಲು ಇನ್ನೂ ನಾಲ್ಕಾರು ತಿಂಗಳು ಬೇಕು, ಸಾಲವಂತೂ ಒಂದು ಪೈಸೆ ಕಡಿಮೆ ಆಗಿರುವುದಿಲ್ಲ. ಆದರೂ ಮುಖದ ಕಳೆ ಬದಲಾಗಿರುತ್ತದೆ. ನೀರಾವರಿ ಯೋಜನೆಯ ಅಂದಾಜು ಪತ್ರಿಕೆಯಲ್ಲಿ ಎಕರೆ, ಟಿಎಂಸಿ, ಕೋಟಿಗಳ ಕಾಲಮ್ ಇರುತ್ತದೆ. ಈ ನೆಮ್ಮದಿಗೆ ಕಾಲಮ್ ಇಲ್ಲ.

ನೋವಿಗೂ ಒಂದು ಭಾಷೆ

ಎರಡನೆಯದು ಮಾತಿನ ಸಂಗತಿ. ಪೂರ್ವ ಭಾಗದ ಯಾವುದೇ ಹಳ್ಳಿಯ ಅರವತ್ತು ದಾಟಿದ ಒಬ್ಬ ರೈತನನ್ನು ಕಣ್ಣ ಮುಂದೆ ತಂದುಕೊಳ್ಳಿ. ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಕಲಿತವ. ಮರಾಠಿಯಲ್ಲಿ ದಾಳಿಂಬೆ ವ್ಯಾಪಾರ ಮಾಡಬಲ್ಲ, ಬ್ಯಾಂಕಿನಲ್ಲಿ ಸಾಲದ ಮಾತಾಡಬಲ್ಲ, ಎಸ್‌ಟಿ ಬಸ್ಸಿನಲ್ಲಿ ಕಂಡಕ್ಟರ್ ಜೊತೆ ಚಿಲ್ಲರೆಗಾಗಿ ಜಗಳಾಡಬಲ್ಲ. ಆದರೆ ಅವನಿಗೆ ಎರಡು ವಾರದಿಂದ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ. ಸರಕಾರಿ ದವಾಖಾನೆಯಲ್ಲಿ ಮರಾಠಿ ಬಲ್ಲ ಡಾಕ್ಟರ್ ಎದುರು ಕುಂತಾಗ ಏನೆಂದು ಹೇಳಬೇಕು?

‘ಎದಿ ಭಾರ ಆಗೇತಿ’, ‘ಜೀವಕ್ಕ ಬ್ಯಾಸರಾಗೇತಿ’, ‘ಜೀವ ಹುಳಹುಳ ಅಂತೈತಿ’, ‘ಕೈಕಾಲಾಗಿನ ತ್ರಾಣ ಹೋಗೇತಿ’. ಈ ಭಾಗದ ಕನ್ನಡದಲ್ಲಿ ಮನಸ್ಸಿನ ಕಾಯಿಲೆ ಹೀಗೆ ಮೈಯ ಮಾತಿನಲ್ಲೇ ಹೊರಬರುತ್ತದೆ. ಇದನ್ನು ಮರಾಠಿಗೆ ಹೊರಳಿಸುವಾಗ ‘ಛಾತೀತ್ ದುಖತಂಯ್’, ಅಂದರೆ ಎದೆನೋವು ಎಂದಾಗಿಬಿಟ್ಟರೆ ಇಸಿಜಿ ತೆಗೆಯುತ್ತಾರೆ, ಪಿತ್ತದ ಗುಳಿಗೆ ಕೊಡುತ್ತಾರೆ, ಶಕ್ತಿಯ ಸಲಾಯಿನ್ ಹಚ್ಚುತ್ತಾರೆ. ರಿಪೋರ್ಟು ನಾರ್ಮಲ್! ಆದರೆ ಮನುಷ್ಯ ನಾರ್ಮಲ್ ಇರುವುದಿಲ್ಲ. ಇಲ್ಲಿ ಡಾಕ್ಟರ್ ತಪ್ಪೂ ಇಲ್ಲ, ರೋಗಿಯ ತಪ್ಪೂ ಇಲ್ಲ. ವ್ಯವಹಾರಕ್ಕೆ ಕಲಿತ ಭಾಷೆ ನೋವು ಹೇಳಲು ಸಾಲುವುದಿಲ್ಲ ಅಷ್ಟೇ.

ಮಗನನ್ನೋ ಸೊಸೆಯನ್ನೋ ಜೊತೆಗೆ ಕರೆದೊಯ್ದು ಅನುವಾದ ಮಾಡಿಸಬಹುದು. ಆದರೆ ಸಾಲದ ಅವಮಾನ, ಬದುಕು ಸಾಕೆನಿಸಿದ ಮಾತು ಮಗನ ಬಾಯಿಂದ ಹೇಳಿಸುವಂಥವೇ? ಅವು ಒಳಗೇ ಉಳಿಯುತ್ತವೆ. ರೈತ ಆತ್ಮಹತ್ಯೆಗಳಲ್ಲಿ ಮಹಾರಾಷ್ಟ್ರ ವರ್ಷಗಳಿಂದ ದೇಶದಲ್ಲೇ ಮುಂದಿದೆ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ವರದಿಗಳು ತೋರಿಸುತ್ತ ಬಂದಿವೆ. ಅಂಥ ರಾಜ್ಯದಲ್ಲಿ ಹೇಳಲಾಗದೇ ಉಳಿದ ಒಂದು ಮಾತಿನ ಬೆಲೆ ದೊಡ್ಡದು.

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಿಲ್ಲೊಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಬಹುತೇಕರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇನ್ನೊಂದು ಮಾತು: ಮಹಾನಗರಗಳಲ್ಲಿ ಈ ಪ್ರಮಾಣ ಹಳ್ಳಿಗಳಿಗಿಂತ ಹೆಚ್ಚಿತ್ತು. ಅಂದರೆ ಹಳ್ಳಿ ಬಿಟ್ಟು ಪುಣೆ, ಮುಂಬಯಿ ಸೇರಿದರೆ ಮನಸ್ಸು ತಾನೇ ಸರಿಹೋಗುತ್ತದೆ ಎನ್ನುವಂತೆಯೂ ಇಲ್ಲ.

ಜಮಾ ಬಾಜೂನೂ ಐತಿ

ಲೆಕ್ಕ ಬರೆದರೆ ಖರ್ಚಿನ ಬಾಜು ಮಾತ್ರ ತೋರಿಸುವುದು ಸರಿಯಲ್ಲ. ಇಷ್ಟೆಲ್ಲ ಇದ್ದರೂ ಗಡಿ ಹಳ್ಳಿಯವರು ಊರು ಬಿಟ್ಟು ಓಡಿಹೋಗಿಲ್ಲ. ಯಾಕೆ? ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಎರಡೂ ರಾಜ್ಯಗಳ ಭಕ್ತರು ನಡೆದು ಬರುತ್ತಾರೆ. ಆ ಹೊತ್ತಿಗೆ ಗಡಿಯ ನೆನಪು ಯಾರಿಗೂ ಇರುವುದಿಲ್ಲ. ಇಂಡಿಯ ಸೊಸೆ, ಚಡಚಣದ ಅಳಿಯ, ಮಂಗಳವೇಢೆಯ ಬೀಗರು ಇರುವ ಮನೆಗಳಿವೆ. ಕಷ್ಟ ಬಂದರೆ ಒಂದು ಬಸ್ಸಿನ ದೂರದಲ್ಲಿ ನಾಲ್ಕು ಮನೆ ಬಾಗಿಲು ತೆರೆಯುತ್ತವೆ. ಭಜನೆಯಲ್ಲಿ ವಚನವೂ ಉಂಟು, ಅಭಂಗವೂ ಉಂಟು. ಮಕ್ಕಳು ಆಡುತ್ತಾಡುತ್ತ ಎರಡು ಭಾಷೆ ಕಲಿಯುತ್ತಾರೆ. ಸಂಜೆ ಕಟ್ಟೆಯ ಮೇಲೆ ‘ಯಾಕೋ ಎರಡು ದಿನದಿಂದ ಕಂಡಿಲ್ಲಲ್ಲ’ ಎಂದು ಕೇಳುವವರು ಇದ್ದಾರೆ. ಆ ಕೇಳುವಿಕೆಯೇ ಅರ್ಧ ಔಷಧ.

ಆದರೆ ಕಟ್ಟೆಯ ಮಾತು ಉಳಿದರ್ಧಕ್ಕೆ ಸಾಕಾಗದು. ಕಾಯಿಲೆ ಆಳಕ್ಕಿಳಿದರೆ ಡಾಕ್ಟರೇ ಬೇಕು.

ಆಗಬೇಕಾದದ್ದು ಇಷ್ಟೇ

ದೊಡ್ಡ ಆಸ್ಪತ್ರೆ ಕಟ್ಟಬೇಕು ಎಂದಲ್ಲ. ಹಳ್ಳಿಯಲ್ಲೇ ಮನೋರೋಗಕ್ಕೆ ಚಿಕಿತ್ಸೆ ಕೊಡಬಹುದು ಎಂಬುದನ್ನು ದೇಶಕ್ಕೆ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿದ ಪ್ರಯೋಗ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ನಡೆಸಿದ ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಗಡಿಯಲ್ಲಿ ಅದಕ್ಕೆ ಒಂದು ಮಾತು ಸೇರಿಸಿದರೆ ಸಾಕು. ಮನಸ್ಸಿನ ಕಷ್ಟ ಕೇಳುವವರಿಗೆ ಕನ್ನಡ ಬರಬೇಕು. ಹಳ್ಳಿಯ ಆಶಾ ಕಾರ್ಯಕರ್ತೆಯರು ಎರಡೂ ಭಾಷೆ ಬಲ್ಲವರು. ‘ಎದಿ ಭಾರ’ ಎಂದರೆ ಏನೆಂದು ಅವರಿಗೆ ಯಾರೂ ಕಲಿಸಬೇಕಿಲ್ಲ. ಅವರಿಗೆ ತರಬೇತಿ ಕೊಟ್ಟು ಡಾಕ್ಟರ್ ಪಕ್ಕದಲ್ಲಿ ಕೂಡ್ರಿಸಬಹುದು. ಮಾಹಿತಿಯನ್ನು ರೋಗಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕೆಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಆಶಯವೂ ಹೌದು.

ಅಲ್ಲಿಯವರೆಗೆ ಕೈಗೆ ಸಿಗುವ ದಾರಿಯೊಂದಿದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416. ಹಗಲು ರಾತ್ರಿ ಯಾವ ಹೊತ್ತಿಗಾದರೂ ಪುಕ್ಕಟೆ ಕರೆ ಮಾಡಬಹುದು, ಕನ್ನಡವನ್ನೇ ಆರಿಸಿಕೊಳ್ಳಬಹುದು. ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆಯಿಲ್ಲದವರು, ಬದುಕು ಬ್ಯಾಡ ಅನಿಸಿದವರು ಮುಜುಗರ ಬಿಟ್ಟು ಫೋನ್ ಎತ್ತಬೇಕು. ಅಂಥವರು ಮನೆಯಲ್ಲಿದ್ದರೆ ಮನೆಯವರೇ ಹಚ್ಚಿಕೊಡಬೇಕು.

ಗಡಿ ಎಲ್ಲಿರಬೇಕು ಎಂಬುದನ್ನು ಕೋರ್ಟು ತೀರ್ಮಾನಿಸಲಿ. 2004ರಿಂದ ಆ ದಾವೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ ಕುಂತಿದೆ. ಕೆರೆಗೆ ನೀರು, ದವಾಖಾನೆಯಲ್ಲಿ ತಿಳಿಯುವ ಮಾತು, ಈ ಎರಡಕ್ಕೆ ಮಾತ್ರ ಯಾವ ತೀರ್ಪಿನ ದಾರಿಯನ್ನೂ ಕಾಯಬೇಕಿಲ್ಲ. ಸಾಂಗಲಿಯ ಅಧಿಕಾರಿಗಳು ಮನಸ್ಸು ಮಾಡಿದರೆ ಗಡಿ ಹಳ್ಳಿಯ ಮನಸ್ಸೂ ಹಗುರಾದೀತು.