ಇಪ್ಪತ್ತಾರು ಪ್ರಶ್ನೆಗಳು, ಒಂದು ಹೆಸರು

1996ರ ನವೆಂಬರ್ ತಿಂಗಳಲ್ಲಿ, ಹತ್ತು ದಿನಗಳ ಅಂತರದಲ್ಲಿ, ದಕ್ಷಿಣ ಕೊರಿಯಾದಲ್ಲಿ ಇಬ್ಬರು ಕಿಮ್ ಮಿನ್-ಜೇ ಹುಟ್ಟಿದರು. ಒಬ್ಬರು ಫುಟ್‌ಬಾಲ್ ರಕ್ಷಣಾ ಆಟಗಾರ. 2023ರಲ್ಲಿ ಇಟಲಿಯ ಲೀಗ್ ಗೆದ್ದ ನಾಪೋಲಿ ತಂಡದಲ್ಲಿದ್ದು, ಆಮೇಲೆ ಬಯರ್ನ್ ಮ್ಯೂನಿಕ್ ಸೇರಿದರು. ಇನ್ನೊಬ್ಬರು ಧಾರಾವಾಹಿಗಳ ನಟ. 1979ರಲ್ಲಿ ಹುಟ್ಟಿದ ಮತ್ತೊಬ್ಬ ನಟರ ಹೆಸರೂ ಕಿಮ್ ಮಿನ್-ಜೇ. ‘ಸ್ಕ್ವಿಡ್ ಗೇಮ್’ನ ನಟ ಲೀ ಬ್ಯುಂಗ್-ಹುನ್ ಅವರಿಗೂ ‘ಎಕ್ಸ್‌ಟ್ರೀಮ್ ಜಾಬ್’ ಚಿತ್ರದ ನಿರ್ದೇಶಕರಿಗೂ ಕೊರಿಯನ್ ಲಿಪಿಯಲ್ಲಿ ಒಂದಕ್ಷರವೂ ಬದಲಾಗದ ಒಂದೇ ಹೆಸರು.

ಇದನ್ನು ಕಾಕತಾಳೀಯ ಎಂದು ಬಿಟ್ಟುಬಿಡಬೇಕಾಗಿಲ್ಲ. ಇದರ ಹಿಂದೆ ಸ್ಪಷ್ಟವಾದ ಗಣಿತವಿದೆ.

ಮಾಹಿತಿಯನ್ನು ಅಳೆಯುವ ಬಗೆಯನ್ನು ಕ್ಲಾಡ್ ಶಾನನ್ 1948ರಲ್ಲಿ ತೋರಿಸಿಕೊಟ್ಟರು. ಉತ್ತರ ‘ಹೌದು’ ಅಥವಾ ‘ಇಲ್ಲ’ ಎಂದಷ್ಟೇ ಬರುವ, ಎರಡಕ್ಕೂ ಸಮಾನ ಸಾಧ್ಯತೆಯಿರುವ ಒಂದು ಪ್ರಶ್ನೆಯ ಉತ್ತರ ಒಂದು ಬಿಟ್. ಸುಮಾರು 5.1 ಕೋಟಿ ಜನರಿರುವ ದಕ್ಷಿಣ ಕೊರಿಯಾದಲ್ಲಿ ಒಬ್ಬರನ್ನೇ ಗುರುತಿಸಲು ಇಂಥ 26 ಪ್ರಶ್ನೆಗಳು ಬೇಕು. ಹೆಸರು ಅವುಗಳಲ್ಲಿ ಎಷ್ಟಕ್ಕೆ ಉತ್ತರ ಕೊಡುತ್ತದೆ?

2015ರ ಜನಗಣತಿಯ ಪ್ರಕಾರ ಅಲ್ಲಿನ ಶೇ 21.5ರಷ್ಟು ಜನ ಕಿಮ್, ಶೇ 14.7ರಷ್ಟು ಲೀ, ಶೇ 8.4ರಷ್ಟು ಪಾರ್ಕ್. ಹಾಗಾಗಿ ‘ಕಿಮ್’ ಎಂದರೆ ಸಿಗುವುದು 2.2 ಬಿಟ್ ಮಾತ್ರ. ಎರಡು ಪ್ರಶ್ನೆ ಮುಗಿದವು, ಇನ್ನೂ ಇಪ್ಪತ್ತನಾಲ್ಕು ಬಾಕಿ. ಐದು ಸಾವಿರ ಜನರಷ್ಟೇ ಇಟ್ಟುಕೊಂಡಿರುವ ಮನೆತನದ ಹೆಸರಾಗಿದ್ದರೆ ಅದೊಂದೇ 13 ಬಿಟ್ ಕೊಡುತ್ತಿತ್ತು. ಹನ್ನೊಂದು ಮಂದಿ ಕೊರಿಯನ್ ಆಟಗಾರರ ತಂಡದಲ್ಲಿ 55 ಜೋಡಿಗಳನ್ನು ಮಾಡಬಹುದು. ಈ ಮೂರು ಮನೆತನಗಳ ಲೆಕ್ಕವೊಂದರಿಂದಲೇ ಅವುಗಳಲ್ಲಿ ಸರಾಸರಿ ನಾಲ್ಕು ಜೋಡಿಗೆ ಮನೆತನದ ಹೆಸರು ಒಂದೇ ಆಗಿರುತ್ತದೆ.

ಈ ಅಸಮಾನತೆ ಇತಿಹಾಸದಿಂದ ಬಂದದ್ದು. ಜೋಸನ್ ರಾಜರ ಕಾಲದಲ್ಲಿ ಬಹುಕಾಲ ಸಾಮಾನ್ಯರಲ್ಲಿ ಅನೇಕರಿಗೆ, ಗುಲಾಮರಿಗಂತೂ, ಮನೆತನದ ಹೆಸರೇ ಇರಲಿಲ್ಲ. 1894ರಲ್ಲಿ ಗುಲಾಮಗಿರಿ ರದ್ದಾಯಿತು, 1909ರಲ್ಲಿ ಕುಟುಂಬ ನೋಂದಣಿಯ ಕಾನೂನು ಬಂತು. ಹೆಸರು ಆರಿಸಿಕೊಳ್ಳುವ ಅವಕಾಶ ಸಿಕ್ಕಾಗ ಅನೇಕರು ಪ್ರತಿಷ್ಠಿತ ಮನೆತನಗಳ ಹೆಸರನ್ನೇ ಆರಿಸಿಕೊಂಡರು. ತಲೆಮಾರುಗಳಿಂದ ಅವಮಾನ ಉಂಡವರು ಗೌರವದ ಹೆಸರನ್ನು ಬಯಸಿದ್ದು ಸಹಜವೇ.

ವ್ಯಕ್ತಿಯ ಹೆಸರಾದರೂ ಉಳಿದ ಬಿಟ್‌ಗಳನ್ನು ತುಂಬಿಕೊಡಬಹುದಿತ್ತು. ಆದರೆ ಅದು ಸಾಮಾನ್ಯವಾಗಿ ಎರಡೇ ಅಕ್ಷರ. ಸಂಪ್ರದಾಯಸ್ಥ ಕುಟುಂಬಗಳಲ್ಲಿ ಅವುಗಳಲ್ಲೊಂದು ಇಡೀ ತಲೆಮಾರಿನ ಅಣ್ಣತಮ್ಮಂದಿರು, ದಾಯಾದಿಗಳೆಲ್ಲ ಹಂಚಿಕೊಳ್ಳುವ ಅಕ್ಷರ. ಮೇಲೆ ಕಾಲಕಾಲದ ಒಲವು ಬೇರೆ: 1980ರ ದಶಕದಲ್ಲಿ ಜಿ-ಹುನ್, ಜಿ-ಹೇ, 2000ದ ನಂತರ ಮಿನ್-ಜುನ್, ಸೊ-ಯೊನ್. ಒಂದೇ ವಯಸ್ಸಿನವರು ಒಟ್ಟಿಗೇ ಕ್ರೀಡಾಂಗಣಕ್ಕೂ ಪರದೆಗೂ ಬರುವುದರಿಂದ ಅಲ್ಲಿ ಈ ಒಲವು ಎದ್ದು ಕಾಣುತ್ತದೆ.

ಬೇರೆ ಲಿಪಿಗೆ ಇಳಿಸಿದಾಗ ಇನ್ನಷ್ಟು ಮಾಹಿತಿ ಸೋರಿಹೋಗುತ್ತದೆ. ಕೊರಿಯನ್ನರು ಬೇರೆಬೇರೆಯಾಗಿ ಉಚ್ಚರಿಸುವ ಎರಡು ಸ್ವರಗಳು ಕನ್ನಡದಲ್ಲಿ ಎಷ್ಟೋ ಸಲ ಒಂದೇ ಒಕಾರವಾಗುತ್ತವೆ. ಕೆಲವೊಮ್ಮೆ ಇದಕ್ಕೆ ತಿರುಗುಮುರುಗಾಗಿ ಹೋಲಿಕೆಯೇ ಮರೆಯಾಗುತ್ತದೆ: ಸ್ಕೇಟರ್ ಕಿಮ್ ಯುನಾ ಮತ್ತು ವಾಲಿಬಾಲ್ ಆಟಗಾರ್ತಿ ಕಿಮ್ ಯೊನ್-ಕ್ಯುಂಗ್ ಅವರ ಹೆಸರುಗಳ ಮೊದಲ ಎರಡು ಅಕ್ಷರಗಳು ಮೂಲದಲ್ಲಿ ಒಂದೇ.

ಲೆಕ್ಕ ಹಾಕುವಾಗ ಒಂದು ಎಚ್ಚರ ಬೇಕು. 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಕೊರಿಯಾದ ಮಹಿಳಾ ಕರ್ಲಿಂಗ್ ತಂಡದ ಐವರೂ ಕಿಮ್‌ಗಳೇ. ಜನಸಂಖ್ಯೆಯಿಂದ ಐವರನ್ನು ಕಣ್ಣುಮುಚ್ಚಿ ಆರಿಸಿದರೆ ಹೀಗಾಗುವ ಸಂಭವ ಹತ್ತು ಸಾವಿರದಲ್ಲಿ ಐದಕ್ಕಿಂತ ಕಡಿಮೆ. ಆದರೆ ತಂಡಗಳು ಹಾಗೆ ಹುಟ್ಟುವುದಿಲ್ಲ. ಅವರಲ್ಲಿ ಇಬ್ಬರು ಅಕ್ಕತಂಗಿಯರು, ನಾಲ್ವರು ಉಯಿಸೊಂಗ್ ಎಂಬ ಊರಿನ ಒಂದೇ ಶಾಲೆಯಲ್ಲಿ ಓದಿದವರು. ಒಂದಕ್ಕೊಂದು ಸಂಬಂಧವಿರುವ ಘಟನೆಗಳ ಸಂಭವವನ್ನು ಸುಮ್ಮನೆ ಗುಣಿಸಿದರೆ ಲೆಕ್ಕ ತಪ್ಪುತ್ತದೆ.

ಈ ತಂಡದವರು ಬೆಳಗಿನ ತಿಂಡಿಯ ಹೆಸರುಗಳನ್ನೇ ಅಡ್ಡಹೆಸರಾಗಿ ಇಟ್ಟುಕೊಂಡರು: ಪ್ಯಾನ್‌ಕೇಕ್, ಸ್ಟೇಕ್ ಇತ್ಯಾದಿ. ಕೊರಿಯಾದ ಗಾಲ್ಫ್ ಸಂಘದವರು ಒಂದೇ ಹೆಸರಿನ ಆಟಗಾರ್ತಿಯರಿಗೆ ಅಂಕಿ ಹಚ್ಚಿದರು. ತಮ್ಮ ಹೆಸರಿನ ಆರನೆಯ ಆಟಗಾರ್ತಿಯಾಗಿ ನೋಂದಾಯಿಸಿಕೊಂಡ ಲೀ ಜೊಂಗ್-ಉನ್ 6 ಅವರು 2019ರಲ್ಲಿ ಅಮೆರಿಕದ ಮಹಿಳಾ ಓಪನ್ ಗೆದ್ದದ್ದೂ ಆ ಅಂಕಿಯೊಡನೆಯೇ. ಗಾಯಕಿ ಲೀ ಜಿ-ಉನ್ ರಂಗನಾಮ ಹೊತ್ತು ಐಯು ಆದರು. ಅಡ್ಡಹೆಸರು, ಅಂಕಿ, ರಂಗನಾಮ ಮೂರೂ ಮಾಡುವ ಕೆಲಸ ಒಂದೇ: ಹೆಸರಿನಲ್ಲಿ ಕೊರತೆಯಾದ ಬಿಟ್‌ಗಳನ್ನು ಬೇರೆ ಕಡೆಯಿಂದ ತುಂಬುವುದು.

ಕೊರಿಯನ್ನರ ಹೆಸರುಗಳೆಲ್ಲ ಒಂದೇ ಥರ ಎಂದು ದೂರುವವರು ಈ ಕೊರತೆಯನ್ನು ಜನರ ಮೇಲೆ ಹೊರಿಸುತ್ತಾರೆ. ಕೊರತೆ ಇರುವುದು ಹೆಸರಿನಲ್ಲಿ, ಮನುಷ್ಯರಲ್ಲಲ್ಲ. ಅವರ ಬಗ್ಗೆ ಬರೆಯುವಾಗ, ಹುಡುಕುವಾಗ ಹುಟ್ಟಿದ ವರ್ಷ, ವೃತ್ತಿ, ತಂಡ ಇವುಗಳಲ್ಲಿ ಒಂದೆರಡನ್ನು ಜೊತೆಗೆ ಸೇರಿಸಿದರೆ ಒಬ್ಬರ ಸಾಧನೆ ಇನ್ನೊಬ್ಬರ ಖಾತೆಗೆ ಹೋಗದು, ಒಬ್ಬರ ತಪ್ಪು ಇನ್ನೊಬ್ಬರ ತಲೆಗೆ ಅಂಟದು. ಅಷ್ಟು ಜತನ ಪ್ರತಿಯೊಬ್ಬರಿಗೂ ಸಲ್ಲಬೇಕಾದ ಗೌರವ.