ಐದು ಸೆಂಟಿನ ಮುಖಗಳು

ಅಡುಗೆಮನೆಯ ಹಳೆಯ ಸ್ಟೀಲ್ ಡಬ್ಬಿಗಳನ್ನು ತಿರುಗಿಸಿ ನೋಡಿದರೆ ಅಜ್ಜಿಯ ಹೆಸರು, ಊರು, ಯಾರದೋ ಮದುವೆಯ ತಾರೀಖು ಸಿಗುತ್ತದೆ. ಪಾತ್ರೆ ಅಂಗಡಿಯವರು ಗುಂಯ್‌ಗುಡುವ ಪುಟ್ಟ ಯಂತ್ರ ಹಿಡಿದು ಚುಕ್ಕೆಚುಕ್ಕೆಯಾಗಿ ಕುಟ್ಟಿಕೊಟ್ಟ ಅಕ್ಷರಗಳವು. ಅದು ಲೋಹವನ್ನು ಚುಚ್ಚುತ್ತದೆ, ಅಷ್ಟೇ. ಕಂಡರಿಸುವುದೇ ಬೇರೆ. ಉಳಿಯ ಮೊನೆ ಲೋಹದೊಳಗೆ ಇಳಿದು, ಮುಂದೆ ಸರಿದು, ಕೂದಲೆಳೆಯಂಥ ಸುರುಳಿಯೊಂದನ್ನು ಎಬ್ಬಿಸಬೇಕು. ಬೀದರಿನ ಕುಶಲಕರ್ಮಿಗಳು ಹೀಗೆ ತೋಡಿದ ಗೆರೆಗೆ ಬೆಳ್ಳಿ ತಂತಿ ತುಂಬುತ್ತಾರೆ. ನಾನಿಲ್ಲಿ ಹೇಳಹೊರಟ ಹವ್ಯಾಸದಲ್ಲಿ ತುಂಬುವ ಮಾತಿಲ್ಲ. ತೋಡಿದ ಗೆರೆಯೇ ಚಿತ್ರ.

ಅದರ ಹೆಸರು ಹೋಬೊ ನಿಕಲ್. ಹುಟ್ಟಿದ್ದು ಅಮೆರಿಕದಲ್ಲಿ. ಗೂಡ್ಸ್ ರೈಲಿಗೆ ಕದ್ದು ಹತ್ತಿ, ಕೂಲಿ ಹುಡುಕುತ್ತ ಊರಿಂದೂರಿಗೆ ಹೋಗುತ್ತಿದ್ದ ಅಲೆಮಾರಿ ಹೋಬೊ. ಐದು ಸೆಂಟಿನ ನಾಣ್ಯ ನಿಕಲ್. 1913ರಲ್ಲಿ ಅಲ್ಲಿನ ಟಂಕಸಾಲೆ ಹೊಸದೊಂದು ನಿಕಲ್ ಹೊರತಂದಿತು. ಅದನ್ನು ರೂಪಿಸಿದವನು ಶಿಲ್ಪಿ ಜೇಮ್ಸ್ ಅರ್ಲ್ ಫ್ರೇಸರ್. ಒಂದು ಬದಿಗೆ ಮೂಲನಿವಾಸಿಯ ಮುಖ, ಇನ್ನೊಂದು ಬದಿಗೆ ಡುಬ್ಬದ ಬೈಸನ್. ಅಗಲ 21 ಮಿಲಿಮೀಟರಿಗೆ ಚೂರು ಹೆಚ್ಚು, ತೂಕ 5 ಗ್ರಾಂ, ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕಲ್ ಲೋಹ. ಇದಕ್ಕೆ ಹಿಂದಿನ ನಿಕಲ್‌ನಲ್ಲಿ ಮುಖ ಚಿಕ್ಕದಾಗಿ ನಡುವೆ ಕೂತಿತ್ತು. ಇದರಲ್ಲಿ ನಾಣ್ಯದ ತುಂಬ ಮುಖವೇ, ಅದೂ ಒಳ್ಳೆ ದಪ್ಪ ಉಬ್ಬು. ಜೇಬಿನಲ್ಲಿ ಚಾಕು, ಮುಂದೆ ಹೊತ್ತುಹೋಗದ ಸಂಜೆ ಇದ್ದವನಿಗೆ ಇನ್ನೇನು ಬೇಕು?

ಕೆಲಸ ನಡೆಯುವುದು ಹೀಗೆ. ಮೊದಲು ಮುಖದ ಸುತ್ತಲಿನ ಬಯಲನ್ನು ಕೆರೆದು ನಯ ಮಾಡಬೇಕು. ಗರಿಗಳು ಹೋಗುತ್ತವೆ, ಜಡೆ ಹೋಗುತ್ತದೆ. ಕೂದಲಿದ್ದ ಕಡೆ ಕಿವಿಯೊಂದು ಮೂಡುತ್ತದೆ. ನೆತ್ತಿಯ ಉಬ್ಬು ದುಂಡು ಟೋಪಿಯಾಗುತ್ತದೆ, ಹಣೆಯ ಮೇಲೊಂದು ಗೆರೆ ಎಳೆದರೆ ಟೋಪಿಯ ಅಂಚು. ಗಲ್ಲದ ಮೇಲೆ ಮೊನಚು ಮೊಳೆಯಿಂದ ಸಾಲಾಗಿ ಕುಟ್ಟಿದರೆ ನಾಲ್ಕು ದಿನದ ಗಡ್ಡ. ಹೊರಗಿನಿಂದ ಒಂದು ಗುಂಜಿ ಲೋಹವೂ ಸೇರಿಲ್ಲ. ಇದ್ದ ಮುಖದೊಳಗಿಂದಲೇ ಇನ್ನೊಂದು ಮುಖ ಹೊರಡಬೇಕು, ಈ ಆಟದ ಪಂಥವೇ ಅದು. ಹಿಂಬದಿಯ ಬೈಸನ್ ಕತ್ತೆಯಾದದ್ದಿದೆ, ಆನೆಯಾದದ್ದಿದೆ, ಬೆನ್ನಿಗೆ ಗಂಟು ಹೊತ್ತು ನಡೆಯುವ ಅಲೆಮಾರಿಯೇ ಆದದ್ದೂ ಇದೆ. ಕೆತ್ತಿದ ನಾಣ್ಯ ಕೊಟ್ಟು ಒಂದು ಊಟವನ್ನೋ ಒಂದು ರಾತ್ರಿಯ ಸೂರನ್ನೋ ಪಡೆಯುತ್ತಿದ್ದರು. ನನ್ನನ್ನು ಕುಟುಕುವ ಸಂಗತಿ ಒಂದೇ: ನೆಲ ಕಳೆದುಕೊಂಡವನ ಮುಖವನ್ನು ನಾಣ್ಯದ ಮೇಲೆ ತಂದರು, ಅಲ್ಲಿಂದಲೂ ಕೆರೆದು ಹಾಕಿದವರು ಮತ್ತೊಂದು ಬಗೆಯ ನಿರ್ಗತಿಕರು.

ಈ ಕೆಲಸದ ಹಳಬರಲ್ಲಿ ದೊಡ್ಡ ಹೆಸರು ಬರ್ಟ್ರಮ್ ವೀಗಂಡ್, ಎಲ್ಲರ ಬಾಯಲ್ಲಿ ಬರ್ಟ್. ನಾಣ್ಯದ ಅಂಚಿನಲ್ಲಿ ಇಂಗ್ಲಿಷಿನಲ್ಲಿ ‘ಲಿಬರ್ಟಿ’ ಎಂದಿರುತ್ತದೆ. ಬರ್ಟ್ ಅದರ ಮೊದಲ ಎರಡು ಅಕ್ಷರ, ಕೊನೆಯ ಒಂದು ಅಕ್ಷರ ಕೆರೆದು ತೆಗೆಯುತ್ತಿದ್ದ. ಉಳಿಯುತ್ತಿದ್ದದ್ದು ‘ಬರ್ಟ್’. ರುಜು ಹಾಕಲೂ ಅವನು ಹೊಸದಾಗಿ ಬರೆಯಲಿಲ್ಲ! ಸೋಮನಾಥಪುರದ ವಿಗ್ರಹಗಳ ಪೀಠದಲ್ಲಿ ತನ್ನ ಹೆಸರು ಬಿಟ್ಟುಹೋದ ನಮ್ಮ ರೂವಾರಿ ಮಲ್ಲಿತಮ್ಮ ಇದನ್ನು ಕಂಡಿದ್ದರೆ ನಕ್ಕು ಬೆನ್ನು ತಟ್ಟುತ್ತಿದ್ದನೇನೊ. ಬರ್ಟ್‌ನ ಕೈಕೆಳಗೆ ಕಲಿತವನು ಜಾರ್ಜ್ ವಾಷಿಂಗ್ಟನ್ ಹ್ಯೂಸ್ ಎಂಬ ಕಪ್ಪು ಹುಡುಗ, ಅಡ್ಡಹೆಸರು ಬೋ. ಇವರಿಬ್ಬರ ನಾಣ್ಯಗಳಿಗೆ ಇಂದು ಸಂಗ್ರಾಹಕರು ಮುಗಿಬೀಳುತ್ತಾರೆ.

ಹೋಬೊ ನಿಕಲ್ ಅಂದಮಾತ್ರಕ್ಕೆ ಕೆತ್ತಿದವರೆಲ್ಲ ಅಲೆಮಾರಿಗಳಲ್ಲ. ಒಡವೆ ಕೆಲಸದವರು, ಸಿಪಾಯಿಗಳು, ಸುಮ್ಮನೆ ಕೈ ತುರಿಕೆಯವರು ಎಲ್ಲರೂ ಇದ್ದರು. 1938ಕ್ಕೆ ಆ ನಾಣ್ಯದ ಟಂಕಣೆ ನಿಂತಿತು, ಚಟ ನಿಲ್ಲಲಿಲ್ಲ. 1992ರಲ್ಲಿ ಇದರ ಆಸಕ್ತರದೇ ಒಂದು ಸಂಘ ಹುಟ್ಟಿತು. ಈಗಿನವರ ಮೇಜಿನ ಮೇಲೆ ಸೂಕ್ಷ್ಮದರ್ಶಕವಿರುತ್ತದೆ, ಗಾಳಿಯ ಒತ್ತಡದಿಂದ ಓಡುವ ಉಳಿಯಿರುತ್ತದೆ. ರಷ್ಯಾದ ರೋಮನ್ ಬೂಟೀನ್ ಅಮೆರಿಕದ ಬೆಳ್ಳಿ ಡಾಲರಿನೊಳಗೆ ಸ್ಪ್ರಿಂಗ್ ಇಟ್ಟು ಬೋನು ಮಾಡಿದ್ದಾನೆ. ನಡುವಿನ ಆಮಿಷ ಮುಟ್ಟಿದರೆ ಹಲ್ಲು ಕಚ್ಚಿಕೊಳ್ಳುತ್ತದೆ. ಬೆರಗು ಹುಟ್ಟಿಸುವ ಕೆಲಸ, ಅನುಮಾನವಿಲ್ಲ. ಆದರೂ ನನ್ನ ಮನಸ್ಸು ಮೊಳೆಯಲ್ಲಿ ಕುಟ್ಟಿದ ಆ ಒರಟು ಗಡ್ಡದ ಕಡೆಗೇ.

ಮಾಡಿ ನೋಡುವ ಆಸೆಯಿದ್ದವರು ನಮ್ಮ ನಾಣ್ಯಕ್ಕೆ ಕೈ ಹಚ್ಚುವುದು ಬೇಡ. ಅಮೆರಿಕದ ಕಾನೂನು ಮೋಸದ ಉದ್ದೇಶವಿಲ್ಲದಿದ್ದರೆ ಸುಮ್ಮನಿರುತ್ತದೆ; ನಮ್ಮ 2011ರ ನಾಣ್ಯ ಕಾಯ್ದೆ ನಾಣ್ಯವನ್ನು ಕರಗಿಸುವುದು, ಹಾಳುಗೆಡವುವುದು ಅಪರಾಧ ಎನ್ನುತ್ತದೆ. ತಾಮ್ರದ ಬಿಲ್ಲೆಯೋ ಹಿತ್ತಾಳೆಯ ತುಂಡೋ ಸಾಕು. ಅಕ್ಕಸಾಲಿಗರು ಮಾಡುವಂತೆ ಅದನ್ನು ಅರಗಿನಲ್ಲಿ ಕೂರಿಸಿಕೊಳ್ಳಿ. ಉಳಿಯ ದುಂಡು ಹಿಡಿ ಅಂಗೈಗೆ ಒತ್ತಿಕೊಂಡಿರಲಿ, ಹೆಬ್ಬೆರಳು ಬಿಲ್ಲೆಯ ಮೇಲೆ ಊರಿರಲಿ, ಅದೇ ಬ್ರೇಕು. ಗೆರೆ ಬಾಗಬೇಕಾದಾಗ ಉಳಿಯನ್ನು ತಿರುಗಿಸುವುದಲ್ಲ, ಎಡಗೈಯಿಂದ ಬಿಲ್ಲೆಯನ್ನು ಉಳಿಗೆ ಎದುರಾಗಿ ತಿರುಗಿಸಬೇಕು. ಇದು ಕೈಗೆ ಹತ್ತಲು ನನಗೆ ವಾರಗಳೇ ಹಿಡಿದವು. ಮೊನೆ ಮಂಡಾದರೆ ಜಾರುತ್ತದೆ, ಜಾರಿದರೆ ನೇರ ಎಡಗೈಗೆ. ಹಾಗಾಗಿ ಕೆತ್ತಿದ್ದಕ್ಕಿಂತ ಉಳಿ ಮಸೆದದ್ದೇ ಹೆಚ್ಚು.

ಮೊದಲ ಬಿಲ್ಲೆಯಲ್ಲಿ ಗಿಳಿ ಮಾಡಹೊರಟೆ. ಕೊಕ್ಕು ಚೆನ್ನಾಗಿಯೇ ಬಂತು. ರೆಕ್ಕೆಯ ಬಳಿ ಉಳಿ ಜಾರಿ ಕುತ್ತಿಗೆಯಿಂದ ಬಾಲದವರೆಗೆ ಒಂದೇ ಗೀಟು. ರಬ್ಬರಿನಲ್ಲಿ ಅಳಿಸುವಂತಿಲ್ಲ. ಎರಡು ದಿನ ಹಾಗೇ ಇಟ್ಟು, ಮೂರನೆಯ ದಿನ ಆ ಗೀಟನ್ನೇ ನಡುನರ ಮಾಡಿಕೊಂಡು, ಕೊಕ್ಕನ್ನು ತೊಟ್ಟಾಗಿಸಿ, ಗರಿಗಳನ್ನೆಲ್ಲ ಅಡ್ಡನರಗಳಾಗಿ ಎಳೆದೆ. ಈಗ ಅದು ವೀಳ್ಯದೆಲೆ. ಮನೆಯ ಬೀಗದ ಕೈ ಗೊಂಚಲಿನಲ್ಲಿ ತೂಗುತ್ತಿದೆ.