ತಿದ್ದುವ ಕೈ ಹಗುರವಿರಲಿ

ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ ಕಲಿತವನು ನಾನು. ಗೆರೆ ಜಾರಿದರೆ ಅಷ್ಟನ್ನೇ ಸರಿಪಡಿಸುತ್ತಿದ್ದೆವು, ಅಕ್ಷರ ಬೇರೆಯಾಗುತ್ತಿರಲಿಲ್ಲ. ಬರಹವನ್ನು ತಿದ್ದಿ ತೀಡುವಾಗಲೂ ಇದೇ ನಿಯಮ: ಕೈ ಹಗುರವಿರಬೇಕು, ಮೂಲ ಮಾಸಬಾರದು.

‘ತಿದ್ದುಪಡಿ’ ಹುಟ್ಟಿದ್ದು ಈ ಕ್ರಿಯಾಪದದಿಂದಲೇ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ 1973ರಲ್ಲಿ ಅದರ ಎಲ್ಲೆಯನ್ನು ಗುರುತಿಸಿತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ.

ಆದರೂ 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಹತ್ತಾರು ವಿಧಿಗಳನ್ನು ಬದಲಿಸಿದ 42ನೆಯದಕ್ಕೂ ಹೆಸರು ‘ತಿದ್ದುಪಡಿ’ಯೇ. ಅದರ ಹಲವು ಅಂಶಗಳನ್ನು ತೆಗೆಯಲು 1978ರ 44ನೆಯ ತಿದ್ದುಪಡಿ ಬೇಕಾಯಿತು. ಹೆಸರು ವಿನಯದ್ದಾದಾಗ ಕೆಲಸದ ಗಾತ್ರ ಮರೆಯಾಗುತ್ತದೆ. ಆದ್ದರಿಂದ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನ ಪ್ರಶ್ನೆ ಒಂದೇ: ಅಕ್ಷರ ಉಳಿದಿದೆಯೇ?